ಕುಂಬಳಕಾಯಿ ಮುಳುಗುತ್ತದೋ ತೇಲುತ್ತದೋ

ಸಂತೆಯಿಂದ ತಂದ ಮೂರು ಕಿಲೋದ ಸಿಹಿಕುಂಬಳವನ್ನು ನೀರು ತುಂಬಿದ ಟಬ್ಬಿಗೆ ಬಿಟ್ಟರೆ ಅದು ತೇಲುತ್ತದೆ. ಅದೇ ನೀರಿಗೆ ಹಾಕಿದ ಹುಣಸೆಬೀಜ ಸೀದಾ ತಳ ಸೇರುತ್ತದೆ. ಹಳ್ಳಿಯಲ್ಲಿ ಬೆಳೆದವರು ಇದನ್ನು ಎಲ್ಲೋ ಒಮ್ಮೆ ನೋಡಿಯೇ ಇರುತ್ತಾರೆ. ಬಾವಿಕಟ್ಟೆಯಿಂದ ಜಾರಿ ಬಿದ್ದ ಕಾಯಿ ಮುಳುಗದೆ ನೀರಿನ ಮೇಲೇ ಇರುತ್ತದೆ, ಬುಟ್ಟಿ ಇಳಿಬಿಟ್ಟು ಎತ್ತಿಕೊಳ್ಳಬಹುದು. ನೋಡಿದ್ದರೂ ಕಾರಣ ಕೇಳಿದರೆ ದೊಡ್ಡವರು ತುಸು ತಡವರಿಸುತ್ತಾರೆ.

ನಾಲ್ಕು ವರ್ಷದ ಮಗು ತಡವರಿಸುವುದಿಲ್ಲ. ಕಾಯಿಯನ್ನು ಟಬ್ಬಿನ ಪಕ್ಕದಲ್ಲಿಟ್ಟು "ಇದನ್ನ ನೀರಿಗೆ ಬಿಟ್ಟರೆ ಏನಾಗುತ್ತೆ ಪುಟ್ಟಾ?" ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ "ಮುಳುಗುತ್ತೆ" ಎಂದೇ. ಯಾಕೆ? "ದೊಡ್ಡದು. ಭಾರ ಇದೆ." ಆಮೇಲೆ ಕಾಯಿ ತೇಲುತ್ತದೆ. ಮಗು ಅದನ್ನು ಎರಡೂ ಕೈಯಿಂದ ಒತ್ತಿ ಮುಳುಗಿಸಲು ನೋಡುತ್ತದೆ. ಕೈಬಿಟ್ಟ ಕೂಡಲೇ ಅದು ಚಿಮ್ಮಿ ಮೇಲೆ ಬರುತ್ತದೆ. ಮತ್ತೆ ಒತ್ತುತ್ತದೆ, ಮತ್ತೆ ಬಿಡುತ್ತದೆ. ನೆಲವೆಲ್ಲ ಒದ್ದೆ.

ಹೀಗೆ ಒತ್ತಿ ಬಿಡುವ ಆ ಕೆಲವು ನಿಮಿಷಗಳಲ್ಲಿ ಮಗುವಿನ ತಲೆಯೊಳಗೆ ನಡೆಯುವುದೇನು ಎಂಬುದು ಮನೋವಿಜ್ಞಾನಿಗಳಿಗೆ ಈಗ ಸಾಕಷ್ಟು ಗೊತ್ತಿದೆ. ಅದನ್ನು ತಿಳಿದರೆ ದುಬಾರಿ ಆಟಿಕೆಯ ಅಂಗಡಿಗಿಂತ ತರಕಾರಿ ಬುಟ್ಟಿಯಲ್ಲೇ ಎಷ್ಟೊಂದು ಪಾಠವಿದೆ ಎಂಬುದೂ ತಿಳಿಯುತ್ತದೆ.

ಪುಟ್ಟ ದೋಣಿ, ದೊಡ್ಡ ಹಡಗು

"ಭಾರದ್ದು ಮುಳುಗುತ್ತದೆ" ಎಂದು ಮಗುವಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕಲ್ಲು ಮುಳುಗಿತು, ಎಲೆ ತೇಲಿತು, ಚಮಚ ಮುಳುಗಿತು, ಕಾಗದದ ದೋಣಿ ತೇಲಿತು. ಬಚ್ಚಲಲ್ಲಿ, ಮಳೆನೀರಿನ ಹೊಂಡದಲ್ಲಿ ಕಂಡದ್ದನ್ನೆಲ್ಲ ಕೂಡಿಸಿ ಅದು ತಾನೇ ಕಟ್ಟಿಕೊಂಡ ಸಿದ್ಧಾಂತ ಅದು. ತಪ್ಪು ಸಿದ್ಧಾಂತ, ನಿಜ. ಆದರೆ ಅಷ್ಟು ಚಿಕ್ಕ ವಯಸ್ಸಿಗೆ ಬಿಡಿಬಿಡಿ ನೋಟಗಳಿಂದ ಒಂದು ನಿಯಮ ಹೊಸೆಯುವುದು ಸಣ್ಣ ಮಾತಲ್ಲ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1920ರ ದಶಕದಲ್ಲೇ ಮಕ್ಕಳನ್ನು ದೋಣಿ ಹಡಗುಗಳ ಬಗ್ಗೆ ಕೇಳಿ ಉತ್ತರಗಳನ್ನು ಬರೆದಿಟ್ಟುಕೊಂಡಿದ್ದರು. ಪುಟ್ಟ ದೋಣಿ ಹಗುರ, ಅದಕ್ಕೇ ತೇಲುತ್ತದೆ ಎನ್ನುವ ಮಕ್ಕಳು ದೊಡ್ಡ ಹಡಗಿನ ಮಾತು ಬಂದಾಗ ಅದು ಭಾರವಾಗಿದೆ, ಅದಕ್ಕೇ ತೇಲುತ್ತದೆ ಎನ್ನುತ್ತಿದ್ದರು. ಒಂದೊಂದು ವಸ್ತುವಿಗೆ ಒಂದೊಂದು ಕಾರಣ. ಎರಡು ಕಾರಣಗಳು ಒಂದಕ್ಕೊಂದು ಎದುರು ನಿಂತಿವೆ ಎಂಬುದು ಆ ವಯಸ್ಸಿಗೆ ತೊಡಕೆನಿಸುವುದಿಲ್ಲ.

ಇದರ ಮುಂದಿನ ಹಂತ ಇನ್ನೂ ಸೊಗಸಾಗಿದೆ. 1974ರಲ್ಲಿ ಅನೆಟ್ ಕಾರ್ಮಿಲಾಫ್-ಸ್ಮಿತ್ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಮಕ್ಕಳಿಗೆ ಮರದ ಪಟ್ಟಿಗಳನ್ನು ಕೊಟ್ಟು ಸಣ್ಣ ಕಂಬಿಯೊಂದರ ಮೇಲೆ ಬೀಳದಂತೆ ನಿಲ್ಲಿಸಲು ಹೇಳಿದರು. ಕೆಲವು ಪಟ್ಟಿಗಳ ಒಂದು ತುದಿಯಲ್ಲಿ ಕಣ್ಣಿಗೆ ಕಾಣದ ಹಾಗೆ ಸೀಸ ಅಡಗಿಸಿದ್ದರು. ತೀರ ಚಿಕ್ಕ ಮಕ್ಕಳು ಕೈಯಿಂದ ಆಚೆ ಈಚೆ ಸರಿಸುತ್ತ ಹೇಗೋ ನಿಲ್ಲಿಸಿಬಿಟ್ಟರು. ಆರೇಳು ವರ್ಷದವರು ಸೋತರು! "ನಡುವೆ ಇಟ್ಟರೆ ನಿಲ್ಲಬೇಕು" ಎಂಬ ಸಿದ್ಧಾಂತ ಅವರಲ್ಲಿ ಆಗಲೇ ಗಟ್ಟಿಯಾಗಿತ್ತು. ಸೀಸದ ಪಟ್ಟಿ ನಡುವೆ ನಿಲ್ಲದಾಗ ಇದು ಆಗದ ಕೆಲಸ ಎಂದು ಬದಿಗಿಟ್ಟರು. ಇನ್ನೂ ದೊಡ್ಡ ಮಕ್ಕಳು ಸಿದ್ಧಾಂತವನ್ನೇ ತಿದ್ದಿಕೊಂಡು ಮತ್ತೆ ಗೆದ್ದರು. ನಡುವಿನ ಮಕ್ಕಳ ಸೋಲನ್ನು ಹಿಂದೆ ಬಿದ್ದ ಲಕ್ಷಣ ಎನ್ನಬೇಕಿಲ್ಲ. ತಿದ್ದಲು ಮೊದಲು ಒಂದು ಸಿದ್ಧಾಂತ ಇರಬೇಕು. ಟಬ್ಬಿನ ಪಕ್ಕ ನಿಂತು "ಮುಳುಗುತ್ತೆ" ಎಂದ ಮಗುವಿಗೂ ಅದು ಬಂದಿದೆ.

ಕತ್ತಲಲ್ಲಿ ಇಲ್ಲದ ಮೆಟ್ಟಿಲು

ಕರೆಂಟು ಹೋದ ರಾತ್ರಿ ಮಹಡಿಯಿಂದ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲು ಚಾಚಿದರೆ ಆಗಲೇ ನೆಲ ಬಂದಿರುತ್ತದೆ. ಪಾದ ಧಡ್ ಎಂದು ಬಡಿಯುತ್ತದೆ, ಇಡೀ ಮೈ ಬೆಚ್ಚುತ್ತದೆ. ನೆಲವೇನೂ ಬದಲಾಗಿಲ್ಲ. ಕಾಲು ಇಡುವ ಮೊದಲೇ ಮಿದುಳು ಅಲ್ಲಿ ಏನಿರಬೇಕೆಂದು ಎಣಿಸಿತ್ತು, ಆ ಎಣಿಕೆಗೂ ಸಿಕ್ಕಿದ ನೆಲಕ್ಕೂ ತಾಳೆಯಾಗಲಿಲ್ಲ, ಅಷ್ಟೆ. ಮಾರನೆಯ ರಾತ್ರಿ ಕಾಲು ಅಲ್ಲಿ ತಾನಾಗಿ ಎಚ್ಚರ ವಹಿಸುತ್ತದೆ.

ಮಗುವಿನ ಮಿದುಳು ಎಚ್ಚರವಾಗಿರುವಷ್ಟು ಹೊತ್ತೂ ಇದೇ ಕೆಲಸದಲ್ಲಿರುತ್ತದೆ. ಮುಂದೇನಾಗಬಹುದೆಂದು ಎಣಿಸುವುದು, ಆದದ್ದನ್ನು ನೋಡುವುದು, ಎರಡರ ನಡುವೆ ಎಷ್ಟು ದೂರವಿದೆ ಎಂದು ಅಳೆಯುವುದು. ವಿಜ್ಞಾನಿಗಳು ಪ್ರಿಡಿಕ್ಷನ್ ಎರರ್ ಎನ್ನುವ ಆ ದೂರವನ್ನು ಇಲ್ಲಿ ಊಹೆ-ಅಂತರ ಎಂದು ಕರೆಯೋಣ. ಅಂತರವೇ ಇಲ್ಲದಿದ್ದರೆ ಕಲಿಯಲು ಹೊಸದೇನೂ ಇಲ್ಲ. ಅಂತರ ಕಂಡರೆ ಮಿದುಳು ಎಚ್ಚೆತ್ತು, ಹಳೆಯ ಲೆಕ್ಕವನ್ನು ತಿದ್ದಲು ಹೊರಡುತ್ತದೆ.

ಇದರ ಗುರುತು ನರಕೋಶಗಳಲ್ಲೇ ಸಿಕ್ಕಿದೆ. ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸುರಿಸುವ ಕೋಶಗಳನ್ನು ಗಮನಿಸುತ್ತಿದ್ದರು. ಕೋತಿಯ ಬಾಯಿಗೆ ಎಣಿಸದೆ ಒಂದು ಹನಿ ಹಣ್ಣಿನ ರಸ ಬಿದ್ದರೆ ಆ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಪ್ರತಿಸಲ ಒಂದು ಸೂಚನೆ ಕೊಟ್ಟು ರೂಢಿ ಮಾಡಿಸಿದ ಮೇಲೆ ಅವು ಸೂಚನೆಗೆ ಚುರುಕಾದವು, ರಸ ಬಂದಾಗ ಸುಮ್ಮನಿದ್ದವು. ಸೂಚನೆ ಕೊಟ್ಟೂ ರಸ ಕೊಡದಿದ್ದರೆ, ರಸ ಬರಬೇಕಿದ್ದ ಆ ಹೊತ್ತಿಗೆ ಸರಿಯಾಗಿ ಅವುಗಳ ಚಟುವಟಿಕೆ ಇಳಿಯಿತು. ಕೋಶಗಳು ಲೆಕ್ಕವಿಟ್ಟದ್ದು ರಸವನ್ನಲ್ಲ, ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇದ್ದ ಅಂತರವನ್ನು. ಪೀಟರ್ ಡಯಾನ್ ಮತ್ತು ರೀಡ್ ಮಾಂಟೆಗ್ಯೂ ಜತೆ ಸೇರಿ ಶುಲ್ಟ್ಸ್ 1997ರಲ್ಲಿ ಪ್ರಕಟಿಸಿದ ಲೇಖನ ಈ ವಿಚಾರಕ್ಕೆ ಗಟ್ಟಿ ತಳಪಾಯ ಹಾಕಿತು.

ಮಾತು ಬಾರದ ಕೂಸುಗಳಲ್ಲಿ ಇದನ್ನು ತೋರಿಸಿದವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಏಮಿ ಸ್ಟಾಲ್ ಮತ್ತು ಲೀಸಾ ಫೈಗನ್‌ಸನ್. 2015ರಲ್ಲಿ ಅವರು 11 ತಿಂಗಳ ಕೂಸುಗಳಿಗೆ ಕಣ್ಕಟ್ಟಿನ ಆಟ ತೋರಿಸಿದರು. ಒಂದು ಚೆಂಡು ಗೋಡೆಯನ್ನು ತೂರಿ ಹೋದಂತೆ ಕಂಡಿತು. ಒಂದು ಆಟದ ಕಾರು ಮೇಜಿನ ಅಂಚು ದಾಟಿಯೂ ಬೀಳದೆ ಗಾಳಿಯಲ್ಲೇ ನಿಂತಿತು. ಆಮೇಲೆ ಆ ಆಟಿಕೆಗಳನ್ನು ಕೂಸುಗಳ ಕೈಗೇ ಕೊಟ್ಟರು. ಗೋಡೆ ತೂರಿದ ಚೆಂಡು ಸಿಕ್ಕಿದ ಕೂಸುಗಳು ಅದನ್ನು ಎದುರಿನ ಹಲಗೆಗೆ ಬಡಿದು ನೋಡಿದವು. ಗಾಳಿಯಲ್ಲಿ ನಿಂತ ಕಾರು ಸಿಕ್ಕಿದವು ಅದನ್ನು ಕೆಳಗೆ ಬೀಳಿಸಿ ನೋಡಿದವು. ಅಂದರೆ ಮನಬಂದಂತೆ ಆಡಿದ್ದಲ್ಲ. ಯಾವ ಊಹೆ ತಪ್ಪಿತ್ತೋ ಸರಿಯಾಗಿ ಅದನ್ನೇ ಪರೀಕ್ಷೆಗೆ ಒಡ್ಡಿದವು. ಆ ಆಟಿಕೆಗಳ ಬಗ್ಗೆ ಹೊಸ ಸಂಗತಿಯನ್ನು ಕಲಿಸಿದಾಗ ಅದನ್ನೂ ಚೆನ್ನಾಗಿ ಹಿಡಿದವು. ಕುಂಬಳವನ್ನು ನೀರಿನೊಳಕ್ಕೆ ಒತ್ತಿ ಒತ್ತಿ ಬಿಡುವ ಮಗು ಮಾಡುತ್ತಿರುವುದು ಇದನ್ನೇ.

ಮೊದಲು ಊಹೆ, ಆಮೇಲೆ ನೀರು

ಇಲ್ಲಿಂದ ಮನೆಗೂ ಅಂಗನವಾಡಿಗೂ ಬೇಕಾದ ಮುಖ್ಯ ಮಾತು ಹೊರಡುತ್ತದೆ. ಊಹೆ ಇಲ್ಲದಿದ್ದರೆ ಊಹೆ-ಅಂತರವೂ ಇಲ್ಲ. ಟೀಚರ್ ಕಾಯಿಯನ್ನು ನೀರಿಗೆ ಬಿಟ್ಟು "ನೋಡಿ ಮಕ್ಕಳೇ, ತೇಲಿತು" ಎಂದರೆ ಮಕ್ಕಳು ನೋಡುತ್ತಾರೆ, ಮರೆಯುತ್ತಾರೆ. ಬಿಡುವ ಮೊದಲು ಪ್ರತಿಯೊಂದು ಮಗುವಿನಿಂದಲೂ ಒಂದು ಮಾತು ಹೊರಡಿಸಬೇಕು. ಮುಳುಗುತ್ತೆ ಎನ್ನುವವರು ಈ ಕಡೆ, ತೇಲುತ್ತೆ ಎನ್ನುವವರು ಆ ಕಡೆ. ಮಾತಾಡಲು ನಾಚುವ ಮಗು ಕಡೆಪಕ್ಷ ಎದ್ದು ಹೋಗಿ ಒಂದು ಗುಂಪಿನಲ್ಲಿ ನಿಲ್ಲುತ್ತದೆ. ಹಾಗೆ ನಿಂತ ಮೇಲೆ ಆ ಉತ್ತರ ಅದರ ಸ್ವಂತದ್ದು, ಮುಂದೇನಾಗುತ್ತದೆ ಎಂದು ಕಣ್ಣು ನೆಟ್ಟು ನೋಡಲು ಕಾರಣ ಸಿಕ್ಕಿತು.

ಆಮೇಲಿನ ಕೆಲಸ ದೊಡ್ಡವರಿಗೆ ಇನ್ನೂ ಕಷ್ಟ. ಬಾಯಿ ಬಿಡದೆ ಕೂರಬೇಕು.

ಎಲಿಜಬೆತ್ ಬೋನವಿಟ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಶಿಕ್ಷಕರೆಲ್ಲರೂ ಓದಬೇಕಾದದ್ದು. ಕೊಳವೆಗಳನ್ನು ಜೋಡಿಸಿದ ಒಂದು ಆಟಿಕೆಯಲ್ಲಿ ನಾಲ್ಕು ಗುಟ್ಟುಗಳಿದ್ದವು. ಒಂದನ್ನು ಎಳೆದರೆ ಕೀಚ್ ಎಂಬ ಸದ್ದು, ಇನ್ನೊಂದರಲ್ಲಿ ಬೆಳಕು, ಮತ್ತೊಂದರಲ್ಲಿ ಸಂಗೀತ, ಒಂದರೊಳಗೆ ಕನ್ನಡಿ. ಕೆಲವು ಮಕ್ಕಳಿಗೆ "ನೋಡು, ಇದು ಹೀಗೆ ಕೆಲಸ ಮಾಡುತ್ತದೆ" ಎಂದು ಸದ್ದು ಬರುವುದನ್ನು ತೋರಿಸಿದರು. ಬೇರೆ ಮಕ್ಕಳೆದುರು ಸದ್ದು ಅಕಸ್ಮಾತ್ತಾಗಿ ಬಂದಂತೆ ನಟಿಸಿದರು. ಪಾಠ ಹೇಳಿಸಿಕೊಂಡ ಮಕ್ಕಳು ಸದ್ದು ಹೊರಡಿಸಿ ಬೇಗ ಆಟ ನಿಲ್ಲಿಸಿದರು. ಅಕಸ್ಮಾತ್ತನ್ನು ಕಂಡವರು ಹೆಚ್ಚು ಹೊತ್ತು ಆಡಿ ಉಳಿದ ಗುಟ್ಟುಗಳನ್ನೂ ಹುಡುಕಿದರು. ದೊಡ್ಡವರು ತೋರಿಸಿಕೊಟ್ಟರೆ ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದು ಮಗು ತಿಳಿಯುತ್ತದೆ, ಅದೂ ತರ್ಕಬದ್ಧವಾಗಿಯೇ. ಹಾಗೆಂದು ಕಲಿಸುವುದೇ ಬೇಡ ಎಂದಲ್ಲ. ಕುಂಬಳ ತೇಲಿದ ಕೂಡಲೇ ಕಾರಣ ಹೇಳಿಬಿಟ್ಟರೆ ಟಬ್ಬಿನ ಪಾಠ ಅಲ್ಲಿಗೇ ನಿಲ್ಲುತ್ತದೆ, ತಡೆದು ಹೇಳಿದರೆ ಮುಂದುವರಿಯುತ್ತದೆ.

ಕಾರಣ ದೊಡ್ಡವರಿಗಾದರೂ ಗೊತ್ತಿರಬೇಕಲ್ಲ. ನೀರಿಗಿಳಿದ ಕಾಯಿ ತನ್ನ ಜಾಗದಲ್ಲಿದ್ದ ನೀರನ್ನು ಸರಿಸುತ್ತದೆ, ಸುತ್ತಲಿನ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತಡ ಸರಿಸಿದ ನೀರಿನ ತೂಕದಷ್ಟೇ ಇರುತ್ತದೆ. ಕುಂಬಳಕಾಯಿಯ ಗಾತ್ರದಷ್ಟೇ ನೀರನ್ನು ತೂಗಿದರೆ ನೀರೇ ಹೆಚ್ಚು ಭಾರ, ಏಕೆಂದರೆ ಕಾಯಿಯ ಹೊಟ್ಟೆಯಲ್ಲಿ ಬೀಜ, ನಾರಿನ ಜತೆ ಸಾಕಷ್ಟು ಟೊಳ್ಳಿದೆ. ಹಾಗಾಗಿ ಪೂರ್ತಿ ಮುಳುಗುವ ಮೊದಲೇ ಒತ್ತಡ ಸರಿಹೋಗಿ ಕಾಯಿ ನಿಲ್ಲುತ್ತದೆ. ಹುಣಸೆಬೀಜದ ಗಾತ್ರದ ನೀರು ಬೀಜಕ್ಕಿಂತ ಹಗುರ, ಆದ್ದರಿಂದ ಬೀಜ ತಳ ಸೇರುತ್ತದೆ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ವಿಂಡ್ಸರ್ ಊರಿನಲ್ಲಿ ದೈತ್ಯ ಕುಂಬಳಕಾಯಿಯ ತಿರುಳು ತೋಡಿ, ಅದರೊಳಗೆ ಕೂತು, ಹುಟ್ಟು ಹಾಕುತ್ತ ಕೆರೆ ದಾಟುವ ಪಂದ್ಯ 1999ರಲ್ಲಿ ಶುರುವಾಯಿತು. ಇಷ್ಟು ಹೇಳಿದರೆ ಮಕ್ಕಳ ಕಣ್ಣರಳುವುದು ಖಂಡಿತ.

ಟಬ್ಬಿನ ಮುಂದಿನ ಪ್ರಶ್ನೆಗಳು ಅಡುಗೆಮನೆಯಲ್ಲೇ ಇವೆ. ಆಲೂಗಡ್ಡೆ? ದ್ರಾಕ್ಷಿ? ಒಂದು ರೂಪಾಯಿ ನಾಣ್ಯ? ಕುಂಬಳವನ್ನೇ ಹೆಚ್ಚಿ ತೆಗೆದ ಒಂದು ಹೋಳು? ಕೊನೆಯದಕ್ಕೆ ಉತ್ತರವನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು, ಓದುವವರೂ ಮೊದಲು ಊಹಿಸಿ ಆಮೇಲೆ ಹೋಳನ್ನು ನೀರಿಗೆ ಹಾಕಲಿ. ಒಂದು ಎಚ್ಚರ: ಟಬ್ಬಿನಲ್ಲಿ ಗೇಣುದ್ದ ನೀರಿದ್ದರೂ ಸಣ್ಣ ಮಗುವನ್ನು ಅದರ ಬಳಿ ಒಂಟಿಯಾಗಿ ಬಿಡಕೂಡದು.

ಖರ್ಚಿನ ಮಾತೂ ಇಲ್ಲೇ ಆಗಿಬಿಡಲಿ. ಅಮೆರಿಕದ ಬಾಲವಾಡಿಗಳಲ್ಲಿ ಹ್ಯಾಲೋವೀನ್ ಬರುವ ಅಕ್ಟೋಬರ್ ತಿಂಗಳೆಂದರೆ ಕುಂಬಳಕಾಯಿಯ ತಿಂಗಳು. ಕಾಯಿಯ ತವರೂ ಅಮೆರಿಕ ಖಂಡಗಳೇ. ಮೆಕ್ಸಿಕೋದ ಒವಾಹಾಕ ಸೀಮೆಯ ಗಿಲಾ ನಾಕೀಟ್ಸ್ ಗುಹೆಯಲ್ಲಿ ಸಿಕ್ಕ, ಬೆಳೆಸಿದ ಕುಂಬಳದ ಬೀಜಗಳು ಸುಮಾರು 10,000 ವರ್ಷ ಹಳೆಯವು. ಕರ್ನಾಟಕದಲ್ಲಿ ಅದಕ್ಕೆ ಹಬ್ಬ ಕಾಯಬೇಕಿಲ್ಲ, ಸಂತೆಯ ಅಗ್ಗದ ತರಕಾರಿಗಳಲ್ಲಿ ಅದೂ ಒಂದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ಚಂದನ್ ತಳಿಯ ಕಾಯಿ 2ರಿಂದ 3 ಕಿಲೋ ತೂಗುತ್ತದೆ, ಅರ್ಕಾ ಸೂರ್ಯಮುಖಿ ಸುಮಾರು ಒಂದು ಕಿಲೋ. ಎರಡನ್ನೂ ಮಗು ತಬ್ಬಿ ಎತ್ತಬಹುದು. 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದಾಗಿನಿಂದ ಇಂದಿನವರೆಗೂ ಅಲ್ಲಿನ ಕಾರ್ಯಕರ್ತೆಯರು ಕೈಗೆ ಸಿಕ್ಕ ಕಾಳು, ಕಡ್ಡಿ, ಎಲೆಗಳಲ್ಲೇ ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ಒಂದು ಕಾಯಿ ಮೊದಲು ಪಾಠವಾಗಿ, ಆಮೇಲೆ ಅದೇ ದಿನ ಸಾರಿಗೆ ಬೀಳಬಹುದು.

ಲೋಳೆ, ನಾರು, ಜಿಗುಟು

ಕಾಯಿ ಹೆಚ್ಚುವುದು ದೊಡ್ಡವರ ಕೆಲಸ. ಈಳಿಗೆಮಣೆ ಮಕ್ಕಳ ಕೈಗೆ ಎಟಕಬಾರದು. ಹೆಚ್ಚುವ ಮೊದಲು ಮತ್ತೆ ಅದೇ ಪ್ರಶ್ನೆ: ಒಳಗೆ ಏನಿದೆ? ಯಾವ ಬಣ್ಣ? ಗಟ್ಟಿಯೋ ಟೊಳ್ಳೋ? ಹೊರಗೆ ಹಸಿರು ಕಂದು ಸಿಪ್ಪೆ ಕಂಡ ಮಕ್ಕಳು ಒಳಗಿನ ಕಿತ್ತಳೆ ಬಣ್ಣಕ್ಕೆ ಹೋ ಎನ್ನುತ್ತಾರೆ.

ಆಮೇಲೆ ಕೈ ಹಾಕಲು ಬಿಡಬೇಕು. ಹಾಕಲು ಹೇಸುವ ಮಗುವಿಗೆ ಬಲವಂತ ಬೇಡ, ಚಮಚ ಕೊಟ್ಟರಾಯಿತು. ಕೈ ಹಾಕಿದವರಿಗೆ ನಾರು ಸಿಗುತ್ತದೆ, ಲೋಳೆ ಸಿಗುತ್ತದೆ, ಜಾರಿ ಹೋಗುವ ಬೀಜ ಸಿಗುತ್ತದೆ. ನುಣುಪು, ಒರಟು, ಜಿಗುಟು, ತೊಟ್ಟು, ತಿರುಳು ಎಂಬ ಪದಗಳು ಚಿತ್ರಪುಸ್ತಕದಿಂದ ಬಂದರೆ ನಾಲಿಗೆಯ ಮೇಲೆ ನಿಲ್ಲುವುದು ಕಷ್ಟ, ಬೆರಳಿನಿಂದ ಬಂದರೆ ನಿಲ್ಲುತ್ತವೆ. ಇದು ಬರೀ ನಂಬಿಕೆಯಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿ ಲಾರಿಸಾ ಸ್ಯಾಮ್ಯುಯೆಲ್‌ಸನ್ ಮತ್ತು ಸಂಗಡಿಗರು 16 ತಿಂಗಳ ಮಕ್ಕಳೆದುರು ಹಣ್ಣಿನ ಗೊಜ್ಜು, ಸೂಪು, ಪುಡಿಂಗಿನಂಥ ಪದಾರ್ಥಗಳನ್ನಿಟ್ಟು ಅವಕ್ಕೆ ಹೊಸ ಹೆಸರು ಹೇಳಿಕೊಟ್ಟರು. ಗಟ್ಟಿ ವಸ್ತುವಿಗೆ ಆಕಾರವಿದೆ, ನೋಡಿದರೆ ಗುರುತು ಸಿಗುತ್ತದೆ. ಹರಡಿ ಹೋಗುವ ಪದಾರ್ಥಕ್ಕೆ ಆಕಾರವೇ ಇಲ್ಲವಾದ್ದರಿಂದ ಅದರ ಹೆಸರು ಹಿಡಿಯುವುದು ಕಷ್ಟ. ಅದನ್ನು ಚುಚ್ಚಿ, ಕಲಸಿ, ಬಾಯಿಗಿಟ್ಟು, ಎರಚಾಡಿದ ಮಕ್ಕಳೇ ಹೆಸರುಗಳನ್ನು ಚೆನ್ನಾಗಿ ಕಲಿತರು.

ತರಕಾರಿ ಬೇಡವೆಂದು ಮುಖ ತಿರುಗಿಸುವ ಮಕ್ಕಳ ವಿಷಯದಲ್ಲೂ ಹೀಗೆಯೇ. ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿನ ಭಯ ಹೆಚ್ಚು. ಇಂಗ್ಲೆಂಡಿನ ಹೆಲೆನ್ ಕೌಲ್ತರ್ಡ್ ಮತ್ತು ಸಂಗಡಿಗರು ಮೂರು ನಾಲ್ಕು ವರ್ಷದ ಮಕ್ಕಳನ್ನು ಹಣ್ಣು ತರಕಾರಿಗಳ ಜತೆ ಆಡಲು ಬಿಟ್ಟು ನೋಡಿದಾಗ, ಮುಟ್ಟಿ ಆಡಿದ ಮಕ್ಕಳು ಆಮೇಲೆ ಅವನ್ನು ಹೆಚ್ಚು ಧೈರ್ಯದಿಂದ ರುಚಿ ನೋಡಿದರು. ಕುಂಬಳದ ಕಿತ್ತಳೆ ಬಣ್ಣ ಕೊಡುವ ಬೀಟಾ ಕೆರೋಟಿನ್ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಆ ವಿಟಮಿನ್ ಕೊರತೆಯಿಂದ ಬರುವ ಕುರುಡುತನ ತಡೆಯಲು 1970ರಿಂದ ಮಕ್ಕಳಿಗೆ ದ್ರಾವಣ ಕುಡಿಸುತ್ತ ಬಂದ ದೇಶದಲ್ಲಿ, ಒಂದು ಮಗು ಕುಂಬಳದ ಪಲ್ಯವನ್ನೋ ಗಾರಿಗೆಯನ್ನೋ ತಾನಾಗಿ ಬಾಯಿಗಿಟ್ಟುಕೊಂಡರೆ ಅದು ದೊಡ್ಡ ಲಾಭ.

ಮೂರು ಬೀಜ ಕೊಡು

ಅನೇಕ ಅಪ್ಪ ಅಮ್ಮಂದಿರಿಗೆ ಗೊತ್ತಿರುವ ಇನ್ನೊಂದು ಒಗಟು ಇದೆ. ಮೂರು ವರ್ಷದ ಮಗು ಒಂದರಿಂದ ಹತ್ತರವರೆಗೆ ತಪ್ಪಿಲ್ಲದೆ ಹೇಳುತ್ತದೆ. ತೊಳೆದು ಒಣಗಿಸಿದ ಕುಂಬಳದ ಬೀಜಗಳನ್ನು ಮುಂದಿಟ್ಟು "ಮೂರು ಕೊಡು ಕಂದಾ" ಎಂದರೆ ಒಂದು ಹಿಡಿ ಎತ್ತಿ ಕೊಡುತ್ತದೆ. ಎಣಿಸಲು ಬಂದರೂ ಮೂರು ಎಂದರೇನೆಂದು ಗೊತ್ತಿಲ್ಲವೇ?

ಗೊತ್ತಿಲ್ಲ, ಅಷ್ಟು ಸರಳ. ಕ್ಯಾರನ್ ವಿನ್ 1990ರ ಸುಮಾರಿಗೆ ಇದೇ "ಇಷ್ಟು ಕೊಡು" ಆಟದಿಂದ ಮಕ್ಕಳ ಸಂಖ್ಯಾಜ್ಞಾನದ ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲು "ಒಂದು" ಎಂಬುದರ ಅರ್ಥ ಮಾತ್ರ ಸಿಗುತ್ತದೆ. ಒಂದು ಕೇಳಿದರೆ ಒಂದೇ ಕೊಡುವ ಮಗು, ಎರಡು ಕೇಳಿದರೂ ಐದು ಕೇಳಿದರೂ ಒಂದು ಹಿಡಿ ಕೊಡುತ್ತದೆ. ಹಲವು ತಿಂಗಳ ಮೇಲೆ "ಎರಡು", ಮತ್ತೆ ಕೆಲವು ತಿಂಗಳಿಗೆ "ಮೂರು". ಆಮೇಲೆ, ಹೆಚ್ಚಾಗಿ ಮೂರೂವರೆಯಿಂದ ನಾಲ್ಕು ವರ್ಷದ ಹೊತ್ತಿಗೆ ಒಂದು ದೊಡ್ಡ ಜಿಗಿತ: ಎಣಿಸುತ್ತ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂಬುದು ಹೊಳೆಯುತ್ತದೆ. ಅಲ್ಲಿಂದಾಚೆ ಏಳು ಕೇಳಿದರೂ ಎಣಿಸಿಯೇ ಕೊಡುತ್ತದೆ. ಅದಕ್ಕೆ ಮುಂಚೆ ಅದು ಹೇಳುತ್ತಿದ್ದ ಒಂದು ಎರಡು ಮೂರು, ಹಾಡಿನ ಸಾಲು ಮಾತ್ರ.

ಊಹೆ-ಅಂತರ ಇಲ್ಲಿ ಹೇಗೆ ಬಂತು? "ಮೂರು ಕೊಟ್ಟೆಯಾ? ಎಣಿಸಿ ನೋಡೋಣ" ಎಂದು ಮಗುವಿನ ಜತೆ ಒಂದೊಂದೇ ಬೀಜ ಸರಿಸಿದರೆ ಮೂರು ಎಂದ ಮೇಲೂ ಕೈಯಲ್ಲಿ ಬೀಜ ಉಳಿಯುತ್ತದೆ. ಬಯ್ಗುಳವಿಲ್ಲದೆ, ಬೀಜಗಳೇ ತಪ್ಪು ತೋರಿಸಿಕೊಡುತ್ತವೆ. ಇದನ್ನು ದಿನಕ್ಕೆ ಹತ್ತು ಸಲ ಮಾಡಿಸುವುದಕ್ಕಿಂತ ಆಟದ ನಡುವೆ ಬಂದಾಗ ಮಾಡುವುದು ಮೇಲು, ತಟ್ಟೆ ಹಾಕುವಾಗ, ಕಾಗದದ ಮೀನಿಗೆ "ನಾಲ್ಕು ಬೀಜ ತಿನ್ನಿಸು" ಎನ್ನುವಾಗ. ಎರಡು ಹಂತದ ಆಚೆಗೆ ಎಳೆಯುವ ಅವಸರವೂ ಬೇಡ. "ಎರಡು" ಗೊತ್ತಿರುವ ಮಗುವಿಗೆ "ಮೂರು" ಕೇಳುವುದರಲ್ಲಿ ಅರ್ಥವಿದೆ, "ಎಂಟು" ಕೇಳುವುದರಲ್ಲಿ ಇಲ್ಲ.

ಐದಾರು ವರ್ಷದವರಿಗೆ ಇಡೀ ಕಾಯಿಯ ಬೀಜ. ಎಷ್ಟಿರಬಹುದು? ಇಪ್ಪತ್ತು ಎನ್ನುವವರಿಂದ ಸಾವಿರ ಎನ್ನುವವರವರೆಗೆ ಇರುತ್ತಾರೆ. ಹತ್ತು ಹತ್ತರ ಗುಂಪು ಮಾಡಿ ನೆಲದ ಮೇಲೆ ಸಾಲಿಟ್ಟರೆ, ನೂರು ಎಂಬುದು ಎಷ್ಟುದ್ದ ಎಂಬುದನ್ನು ಕಣ್ಣಾರೆ ಕಾಣುತ್ತಾರೆ. ಎರಡನೆಯ ಕಾಯಿಯ ಹೊತ್ತಿಗೆ ಊಹೆಗಳು ನಿಜಕ್ಕೆ ಹತ್ತಿರ ಬಂದಿರುತ್ತವೆ, ಕಲಿತದ್ದಕ್ಕೆ ಅದೇ ಸಾಕ್ಷಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಬಹುದು, ಮೂಗಿಗೂ ತೂರಿಸಿಕೊಳ್ಳುತ್ತಾರೆ.

ಅಟ್ಟದ ಕಾಯಿ, ಸೀಸೆಯ ಹೋಳು

ಮಲೆನಾಡಿನ ಮನೆಗಳಲ್ಲಿ ಬಲಿತ ಕುಂಬಳ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅದೇ ಕಾಯಿಯ ಹೋಳು ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಒಂದು ಹೋಳನ್ನು ಗಾಜಿನ ಸೀಸೆಯಲ್ಲಿಟ್ಟು ಮುಚ್ಚಳ ಬಿಗಿದು, ಪಕ್ಕದಲ್ಲಿ ಇಡಿಯ ಪುಟ್ಟ ಕಾಯಿಯೊಂದನ್ನು ಇಟ್ಟರೆ ಮಕ್ಕಳು ದಿನಾ ಬಂದು ನೋಡುತ್ತಾರೆ. ಮೊದಲು ಯಾವುದು ಕೆಡುತ್ತದೆ, ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಮುಂಚೆಯೇ ಚಿತ್ರ ಬರೆಸಬೇಕು. ಸಿಪ್ಪೆ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮುಚ್ಚಳ ತೆಗೆದು ಮೂಸಲು ಬಿಡದೆ, ಹಾಗೆಯೇ ಎಸೆದುಬಿಡಬೇಕು.

ಮಣ್ಣೊಳಗಿನ ಗೂಟ

ಉಳಿದ ಬೀಜಗಳಲ್ಲಿ ಕೆಲವನ್ನು ಗಾಜಿನ ಲೋಟದ ಒಳಗೋಡೆಗೆ ಒದ್ದೆ ಬಟ್ಟೆಯಿಂದ ಒತ್ತಿಟ್ಟರೆ ಬೆಚ್ಚನೆಯ ದಿನಗಳಲ್ಲಿ ಸುಮಾರು ಒಂದು ವಾರಕ್ಕೆ ಬೇರು ಹೊರಡುತ್ತದೆ. ಲೋಟವನ್ನು ಓರೆ ಮಾಡಿಟ್ಟರೆ ಬೇರು ಯಾವ ಕಡೆ ಹೋಗುತ್ತದೆ? ಊಹೆ ಹೇಳಿಸಿ, ಎರಡು ದಿನ ಕಾಯಬೇಕು.

ಕಣ್ಣು ಚುರುಕಿರುವ ಮಕ್ಕಳು ಇನ್ನೂ ಒಂದನ್ನು ಕಾಣುತ್ತಾರೆ. ಬೇರು ಮತ್ತು ಕಾಂಡ ಸೇರುವ ಜಾಗದಲ್ಲಿ, ಕೆಳಮಗ್ಗುಲಿಗೆ, ಒಂದು ಪುಟ್ಟ ಗೂಟ ಚಾಚಿಕೊಳ್ಳುತ್ತದೆ. ಅದು ಬೀಜದ ಕೆಳಗಿನ ಸಿಪ್ಪೆಯನ್ನು ಅದುಮಿ ಹಿಡಿಯುತ್ತದೆ, ಬಾಗಿದ ಕಾಂಡ ಮೇಲಕ್ಕೆ ಜಗ್ಗುತ್ತದೆ, ಎರಡು ಬೀಜದಳಗಳು ಸಿಪ್ಪೆಯಿಂದ ಹೊರಬರುತ್ತವೆ. ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜತೆ ಸೇರಿ 1880ರಲ್ಲಿ ಪ್ರಕಟಿಸಿದ ಸಸ್ಯಗಳ ಚಲನೆಯ ಪುಸ್ತಕದಲ್ಲಿ ಕುಂಬಳದ ಈ ಗೂಟವನ್ನು ವರ್ಣಿಸಿದ್ದಾರೆ. ಅದು ಕೆಳಮಗ್ಗುಲಿಗೇ ಯಾಕೆ ಬರಬೇಕು? 1998ರಲ್ಲಿ ಜಪಾನಿನ ವಿಜ್ಞಾನಿಗಳು ಕುಂಬಳದ ಬಳಗದ್ದೇ ಆದ ಸೌತೆಯ ಬೀಜವನ್ನು ಬಾಹ್ಯಾಕಾಶ ನೌಕೆಯಲ್ಲಿ ಮೊಳೆಯಿಸಿದಾಗ ಎರಡೂ ಮಗ್ಗುಲಿಗೆ ಗೂಟ ಬಂತು. ಅಂದರೆ ಗೂಟ ಮೂಡಿಸುವ ಶಕ್ತಿ ಎರಡು ಕಡೆಗೂ ಇದೆ, ಭೂಮಿಯ ಸೆಳೆತ ಮೇಲಿನದನ್ನು ಅಡಗಿಸುತ್ತದೆ. ನುರಿತ ವಿಜ್ಞಾನಿಗಳ ಊಹೆಯೂ ಇಲ್ಲಿ ತಿದ್ದುಪಡಿಗೆ ಒಳಗಾಯಿತು. ಸೆಳೆತವೇ ಗೂಟ ಹುಟ್ಟಿಸುತ್ತದೆ ಎಂದುಕೊಳ್ಳುವುದು ಸಹಜವಾಗಿತ್ತು.

ಸಾಕುವುದರಿಂದ ಬರುವ ತಿಳಿವಳಿಕೆ ಬೇರೆಯೇ. ಜಪಾನಿನ ಕಯೋಕೋ ಇನಗಾಕಿ 1990ರಲ್ಲಿ ತೋರಿಸಿದಂತೆ, ಮನೆಯಲ್ಲಿ ಚಿನ್ನದ ಮೀನು ಸಾಕಿದ ಐದು ವರ್ಷದ ಮಕ್ಕಳು, ತಾವು ಎಂದೂ ಸಾಕದ ಕಪ್ಪೆಯ ಬಗ್ಗೆಯೂ ಹೆಚ್ಚು ಸರಿಯಾಗಿ ಊಹಿಸಬಲ್ಲವರಾಗಿದ್ದರು. ಮೀನು ದೊಡ್ಡದಾದದ್ದನ್ನು ಕಂಡವರು ಕಪ್ಪೆಯೂ ಮರಿಯಾಗಿಯೇ ಉಳಿಯದು ಎಂದು ತರ್ಕಿಸಿದರು. ಅಂಗಳದ ಕುಂಬಳದ ಬಳ್ಳಿಯಿಂದ ಇದೇ ಕೆಲಸ ಆಗಬಹುದು. ಅದಕ್ಕೆ ತೋಟವೂ ಬೇಡ, ತಿಪ್ಪೆಯ ಅಂಚು ಸಾಕು.

ಆ ಬಳ್ಳಿ ಒಂದು ದಿನ ಎಲ್ಲರನ್ನೂ ಕಾಡುವ ಒಗಟನ್ನು ಒಡ್ಡುತ್ತದೆ: ಹಳದಿ ಹೂಗಳು ಬೇಕಾದಷ್ಟು ಬಿಟ್ಟಿವೆ, ಕಾಯಿ ಮಾತ್ರ ಇಲ್ಲ. ಮೊದಮೊದಲು ಅರಳುವವೆಲ್ಲ ಉದ್ದ ತೊಟ್ಟಿನ ಗಂಡು ಹೂಗಳು, ಬಜ್ಜಿಗೆ ಬರುವವು ಅವೇ. ಕೆಲವು ದಿನ ಕಳೆದ ಮೇಲೆ ಬರುವ ಹೆಣ್ಣು ಹೂವಿನ ಬುಡದಲ್ಲಿ ಗೋಲಿ ಗಾತ್ರದ ಕಾಯಿ ಮೊದಲೇ ಇರುತ್ತದೆ. ಹೂ ಅರಳುವುದು ನಸುಕಿನಲ್ಲಿ, ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಜೇನು ಬರಬೇಕಾದದ್ದು ಅಷ್ಟರೊಳಗೆ. ಹಿಂದಿನ ಸಂಜೆಯೇ ಎರಡು ಹೆಣ್ಣು ಮೊಗ್ಗುಗಳಿಗೆ ತೆಳುಬಟ್ಟೆ ಕಟ್ಟಿ, ಬೆಳಗ್ಗೆ ಒಂದಕ್ಕೆ ಮಾತ್ರ ಗಂಡು ಹೂವಿನ ಪರಾಗ ಒರೆಸಿ, ಎರಡನ್ನೂ ಮತ್ತೆ ಕಟ್ಟಿಡಬೇಕು. ಎರಡರಲ್ಲಿ ಯಾವುದು ಉಳಿಯುತ್ತದೆ ಎಂದು ಮಕ್ಕಳು ತಮ್ಮ ಹೆಸರನ್ನು ಗೋಡೆಯ ಕಾಗದದ ಮೇಲೆ ಎರಡು ಪಟ್ಟಿಗಳಲ್ಲಿ ಬರೆಸಲಿ. ಪರಾಗ ಸಿಕ್ಕದ ಕಾಯಿ ಕೆಲವೇ ದಿನಗಳಲ್ಲಿ ಹಳದಿಗಟ್ಟಿ ಉದುರುತ್ತದೆ. ಇನ್ನೊಂದು, ಜೂನ್ ಮಳೆಗೆ ಬೀಜ ಹಾಕಿದ್ದರೆ, ದಸರಾ ರಜೆಯ ಆಸುಪಾಸಿಗೆ ಕೊಯ್ಲಿಗೆ ಬರುತ್ತದೆ.